ಎರಡು ದೋಣಿಯ ಮೇಲೆ ಕಾಲಿಟ್ಟ ಡಿಮ್ಮರ್

ನಾಟಕ ಶುರುವಾಗುವ ಮೊದಲು ಪ್ರೇಕ್ಷಕರ ಮೇಲಿನ ದೀಪಗಳು ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಕತ್ತಲೆಗೆ ಇಳಿಯಬೇಕು. ಯಾವ ಗಳಿಗೆಯಲ್ಲಿ ಆರಿದವು ಎಂಬುದು ಯಾರಿಗೂ ಗೊತ್ತಾಗಬಾರದು. ನಿರ್ದೇಶಕರು ಕೇಳಿದ್ದು ಇಷ್ಟೇ. ಫಿಲಮೆಂಟಿನ ಹಳೆಯ ಬಲ್ಬುಗಳು ಯಾರ ಹಂಗೂ ಇಲ್ಲದೆ ಮಾಡುತ್ತಿದ್ದ ಕೆಲಸವಿದು. ಹದಿನಾರು ಎಲ್‌ಇಡಿ ದೀಪಗಳಿಂದ ಇದನ್ನೇ ಮಾಡಿಸಲು ನನಗೆ ಏಳು ತಿಂಗಳು ಹಿಡಿಯಿತು. ಸುಟ್ಟುಹೋದ ಭಾಗಗಳ ಖರ್ಚು, ಕೊನೆಗೆ ಗೋಡೆಯ ಮೇಲೆ ಕೂತ ಸರ್ಕ್ಯೂಟಿನ ಖರ್ಚಿನ ಮೂರು ಪಟ್ಟಾದರೂ ಆಗಿರಬೇಕು. ನಾಲ್ಕನೆಯ ತಿಂಗಳಿನ ನಂತರ ಲೆಕ್ಕ ಬರೆಯುವುದನ್ನೇ ನಿಲ್ಲಿಸಿದೆ.

ಮೊದಲ ಸೋಲು ಟ್ರಯಾಕ್‌ನದು, ಅಂದರೆ ಹಳೆಯ ಡಿಮ್ಮರಿನೊಳಗೆ ವಿದ್ಯುತ್ತನ್ನು ತುಂಡು ತುಂಡಾಗಿ ಬಿಡುವ ಸ್ವಿಚ್ಚಿನದು. ಪೆಟ್ಟಿಗೆಯ ಮೇಲೆ ‘ಡಿಮ್ ಮಾಡಬಹುದು’ ಎಂದು ಬರೆದಿದ್ದ ಬಲ್ಬುಗಳನ್ನು ತಂದು ಹಳೆಯ ಡಿಮ್ಮರಿಗೇ ಜೋಡಿಸಿದೆ. ಮುಕ್ಕಾಲಿನಿಂದ ಅರ್ಧಕ್ಕೆ ಚೆನ್ನಾಗಿ ಇಳಿದವು. ಅದರ ಕೆಳಗೆ ಒಂದು ನಡುಗಿತು, ಇನ್ನೊಂದು ಆರಿತು, ಮೂರನೆಯದು ಆರಿ ಮತ್ತೆ ಹೊತ್ತಿಕೊಂಡಿತು. ಇಷ್ಟು ಕಡಿಮೆ ಲೋಡಿನಲ್ಲಿ ಟ್ರಯಾಕ್‌ಗೆ ಹಿಡಿದುಕೊಳ್ಳುವಷ್ಟು ಕರೆಂಟೇ ಸಿಗುವುದಿಲ್ಲ. ಸಾಲಿಗೊಂದು ಹಳೆಯ ಬಲ್ಬು ಸಮಾಂತರವಾಗಿ ಸೇರಿಸಿದರೆ ಎಲ್ಲವೂ ಸರಿಹೋಗುತ್ತಿತ್ತು, ನಿಜ. ಆದರೆ ಎಲ್‌ಇಡಿಯನ್ನು ಸಮಾಧಾನಪಡಿಸಲು ಬಲ್ಬು ಉರಿಸುವುದಾದರೆ ಎಲ್‌ಇಡಿ ತಂದದ್ದೇಕೆ?

ಹಾಗಾಗಿ 24 ವೋಲ್ಟಿನ ಒಂದೇ ಸಪ್ಲೈ, ಪ್ರತಿ ದೀಪದಲ್ಲಿ ಆರು ಬಿಳಿ ಎಲ್‌ಇಡಿಗಳ ಸರಣಿ, ಅದಕ್ಕೆ ಕರೆಂಟನ್ನು ಸ್ಥಿರವಾಗಿಡುವ ಒಂದು ಪಿಟಿ4115 ಡ್ರೈವರ್ ಚಿಪ್ ಎಂದು ತೀರ್ಮಾನಿಸಿದೆ. ಕರೆಂಟನ್ನು ನಿಗದಿ ಮಾಡುವ ಸೆನ್ಸ್ ರೆಸಿಸ್ಟರ್ 0.33 ಓಮ್ ಇಟ್ಟರೆ 300 ಮಿಲಿಆಂಪ್. ಬೆಳಕನ್ನು ಹತೋಟಿಯಲ್ಲಿಡುವ ಡಿಮ್ ಪಿನ್ನಿಗೆ ಮೈಕ್ರೋಕಂಟ್ರೋಲರಿನಿಂದ ಪಿಡಬ್ಲ್ಯೂಎಂ ಕೊಟ್ಟೆ, ಅಂದರೆ ದೀಪವನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ಹೊತ್ತಿಸಿ ಆರಿಸುವ ಪಲ್ಸುಗಳು; ಪಲ್ಸ್ ಕಿರಿದಾದಷ್ಟೂ ಬೆಳಕು ಕಡಿಮೆ. ಎಂಟು ಬಿಟ್ (ಸೊನ್ನೆಯಿಂದ 255ರವರೆಗಿನ ಮೆಟ್ಟಿಲು), 490 ಹರ್ಟ್ಸ್, ಎಲ್ಲರೂ ಮಾಡುವುದು ಅದನ್ನೇ. ಮೇಜಿನ ಮೇಲೆ, ಹಗಲು ಬೆಳಕಿನಲ್ಲಿ ಅದ್ಭುತ. ಸಭಾಂಗಣದ ಕತ್ತಲಲ್ಲಿ ಅದೇ ದೀಪಗಳು ಮೆಟ್ಟಿಲು ಇಳಿಯತೊಡಗಿದವು. 255ರಲ್ಲಿ ಒಂದು ಪಾಲು ಎಂದರೆ ಕಾಗದದ ಮೇಲೆ ಶೇಕಡಾ 0.4. ಕಣ್ಣಿಗೆ ಅದು ಏಳೆಂಟರಷ್ಟು ಕಾಣುತ್ತದೆ. ಅಲ್ಲಿಂದ ಸೊನ್ನೆಗೆ ಬಿದ್ದರೆ ಟಪ್ ಎಂದು ಆರಿದಂತೆಯೇ.

ಬಿಟ್‌ಗಳನ್ನು ಹೆಚ್ಚಿಸಿದೆ. 16 ಮೆಗಾಹರ್ಟ್ಸ್‌ನಲ್ಲಿ ಒಂದು ಕಿಲೋಹರ್ಟ್ಸ್ ಇಟ್ಟುಕೊಂಡರೆ ಹದಿನಾರು ಸಾವಿರ ಮೆಟ್ಟಿಲು ಸಿಗುತ್ತವೆ, ಇನ್ನೇನು ಬೇಕು ಎಂದುಕೊಂಡೆ. ಬೇಕಾಗಿದ್ದು ಡ್ರೈವರಿನ ಒಪ್ಪಿಗೆ. ಪಲ್ಸ್ ಹತ್ತು ಹದಿನೈದು ಮೈಕ್ರೋಸೆಕೆಂಡಿಗಿಂತ ಕಿರಿದಾದರೆ ಡ್ರೈವರಿನ ಜೊತೆಗಿರುವ ತಂತಿಸುರುಳಿಯಲ್ಲಿ, ಅಂದರೆ ಕಾಯಿಲ್‌ನಲ್ಲಿ, ಕರೆಂಟು ಏರಿ ಮುಗಿಯುವ ಮೊದಲೇ ಪಲ್ಸ್ ಮುಗಿದಿರುತ್ತದೆ. ನಾನೋ, ರಿಪ್ಪಲ್ (ಕರೆಂಟಿನ ಏರಿಳಿತ) ಕಡಿಮೆಯಾಗಲೆಂದು 220 ಮೈಕ್ರೋಹೆನ್ರಿಯ, ಕರೆಂಟು ಇನ್ನೂ ನಿಧಾನವಾಗಿ ಏರುವ ದೊಡ್ಡ ಕಾಯಿಲ್‌ಗಳನ್ನು ಒಟ್ಟಿಗೇ ಇಪ್ಪತ್ತು ತರಿಸಿಟ್ಟಿದ್ದೆ. ಕೆಳಗಿನ ಇನ್ನೂರು ಮೆಟ್ಟಿಲುಗಳಲ್ಲಿ ಒಂದೊಂದು ದೀಪ ಒಂದೊಂದು ಕಡೆ ಆರುತ್ತಿತ್ತು. ಆ ಕಾಯಿಲ್‌ಗಳು ಇಂದಿಗೂ ಡಬ್ಬಿಯಲ್ಲಿವೆ, ಬೇಕಾದವರು ಒಯ್ಯಬಹುದು.

ಸಾಲದೆಂಬಂತೆ ಕೀರಲು ದನಿ. ಒಂದು ಕಿಲೋಹರ್ಟ್ಸ್ ಕಿವಿಗೆ ಚೆನ್ನಾಗಿ ಕೇಳುವ ಜಾಗ. ಕಾಯಿಲ್‌ಗಳನ್ನು ವಾರ್ನಿಷಿನಲ್ಲಿ ಅದ್ದಿ ಒಣಗಿಸಿದೆ, ಎರಡು ದಿನ ಹೋಯಿತು, ದನಿ ಹೋಗಲಿಲ್ಲ. ಆಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ ಒಂದೊಂದೇ ಭಾಗವನ್ನು ಒತ್ತುತ್ತಾ ಹೋದಾಗ ಕಳ್ಳ ಸಿಕ್ಕಿಬಿದ್ದ. ಹಾಡುತ್ತಿದ್ದದ್ದು ಕಾಯಿಲ್ ಅಲ್ಲ, ಸಪ್ಲೈ ಕಡೆಯ ಸೆರಾಮಿಕ್ ಕೆಪಾಸಿಟರ್. ಪಕ್ಕದಲ್ಲೊಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಹಾಕಿದ ಮೇಲೆ ದನಿ ಅರ್ಧಕ್ಕಿಳಿಯಿತು. ಒಂದು ಸಾಲಿನ ಎಂಟು ದೀಪಗಳ ಪಲ್ಸನ್ನು ಅರ್ಧ ಆವರ್ತ ತಡಮಾಡಿ ಕೊಟ್ಟಾಗ ಸಪ್ಲೈಯೂ ನಿರಾಳವಾಯಿತು.

ಈ ಹಂತದಲ್ಲಿಯೇ ನಾನು ಕರೆಂಟನ್ನೂ ಇಳಿಸಿ, ಪಲ್ಸನ್ನೂ ಕತ್ತರಿಸುತ್ತೇನೆ ಎಂದದ್ದು. ನಮ್ಮ ವೃತ್ತಿಯ ಹಿರಿಯರೊಬ್ಬರು ನಕ್ಕರು. “ಎರಡು ದೋಣಿಯ ಮೇಲೆ ಕಾಲಿಡುತ್ತಿದ್ದೀರಿ. ಕರೆಂಟು ಇಳಿಸಿದರೆ ಬಣ್ಣ ಬದಲಾಗುತ್ತದೆ, ಒಂದೇ ಪಿನ್ನಿಗೆ ಎರಡು ಕೆಲಸ ಕೊಟ್ಟರೆ ಎರಡೂ ಕೆಡುತ್ತವೆ” ಎಂದರು. ಬಣ್ಣದ ಮಾತು ತಪ್ಪಲ್ಲ. ಆದರೆ ಕತ್ತಲೆಗೆ ಇಳಿಯುತ್ತಿರುವ ದೀಪದಲ್ಲಿ ಅಷ್ಟು ಸಣ್ಣ ವ್ಯತ್ಯಾಸವನ್ನು ಕಂಡವರನ್ನು ನಾನು ಇನ್ನೂ ಭೇಟಿಯಾಗಿಲ್ಲ.

ಈ ಚಿಪ್‌ನ ಡಿಮ್ ಪಿನ್ 2.5 ವೋಲ್ಟಿನಲ್ಲಿ ಪೂರ್ತಿ ಕರೆಂಟು ಕೊಡುತ್ತದೆ, 0.5 ವೋಲ್ಟಿನವರೆಗೆ ಅದೇ ಅನುಪಾತದಲ್ಲಿ ಇಳಿಯುತ್ತದೆ, 0.3ರ ಕೆಳಗೆ ಆರುತ್ತದೆ. ಹಾಗಾಗಿ ಪೂರ್ತಿಯಿಂದ ಕಾಲು ಭಾಗದವರೆಗೆ, ಅಂದರೆ ಸುಮಾರು 0.6 ವೋಲ್ಟಿನವರೆಗೆ, ಬರೀ ವೋಲ್ಟೇಜು. ಪಲ್ಸಿಲ್ಲ, ದನಿಯಿಲ್ಲ, ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟೆಗಳೂ ಇಲ್ಲ. ಅಲ್ಲಿಂದ ಕೆಳಗೆ ವೋಲ್ಟೇಜನ್ನು ಹಾಗೆಯೇ ಬಿಟ್ಟು ಪಲ್ಸನ್ನು ಕಿರಿದಾಗಿಸುತ್ತೇನೆ. ನಾನೇ ಎಣಿಸದಿದ್ದ ಲಾಭ ಸಿಕ್ಕಿದ್ದು ಇಲ್ಲಿ. ಗುರಿಯ ಕರೆಂಟು ಕಾಲು ಭಾಗವಾದರೆ ಕಾಯಿಲ್ ಅದನ್ನು ಮುಟ್ಟುವ ಸಮಯವೂ ಕಾಲು ಭಾಗವಾಗುತ್ತದೆ. 100 ಮೈಕ್ರೋಹೆನ್ರಿಯ ಕಾಯಿಲ್‌ನಲ್ಲಿ ಮೂರು ಮೈಕ್ರೋಸೆಕೆಂಡಿನ ಪಲ್ಸ್ ಕೂಡ ನೆಟ್ಟಗೆ ನಿಂತಿತು. ಸಾವಿರದಲ್ಲಿ ಮೂರು ಪಾಲು, ಅದರ ಕಾಲು ಭಾಗ. ಅಂದರೆ ಪೂರ್ತಿ ಬೆಳಕಿನ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಪಲ್ಸಿನ ಆಕಾರ ತೋರಿಸುವ ಆಸಿಲೋಸ್ಕೋಪಿನ ಪರದೆಯನ್ನು ಫೋಟೋ ತೆಗೆದು ಆ ಹಿರಿಯರಿಗೆ ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ, ಮೂರನೆಯ ದಿನ ಸರ್ಕ್ಯೂಟ್ ಕೇಳಿದರು.

ಒಂದು ದೀಪಕ್ಕೆ ಒಗ್ಗಿದ್ದು ಎಂಟಕ್ಕೆ ಒಗ್ಗಲಿಲ್ಲ ಎಂಬುದನ್ನೂ ಹೇಳಬೇಕು. ಡಿಮ್ ಪಿನ್ನಿನೊಳಗೆ ವೋಲ್ಟೇಜನ್ನು ಮೇಲಕ್ಕೆಳೆಯುವ ರೆಸಿಸ್ಟರ್ ಇದೆ. ಎಂಟು ಪಿನ್ನುಗಳನ್ನು ಸೇರಿಸಿದಾಗ ಎಂಟೂ ಸೇರಿ ನನ್ನ 0.6 ವೋಲ್ಟನ್ನು ಮೇಲಕ್ಕೆ ಹೊತ್ತೊಯ್ದವು, ದೀಪಗಳು ಕೆಳಗಿಳಿಯಲೇ ಒಪ್ಪಲಿಲ್ಲ. ನಡುವೆ ವೋಲ್ಟೇಜನ್ನು ಅಲುಗದಂತೆ ಹಿಡಿಯುವ ಆಪ್‌ಆಂಪ್ ಚಿಪ್ ಹಾಕಿದ ಮೇಲೆ ಬಗೆಹರಿಯಿತು. ಆಪ್‌ಆಂಪಿಗೂ ಪಲ್ಸ್ ಕತ್ತರಿಸುವ ಟ್ರಾನ್ಸಿಸ್ಟರಿಗೂ ಮಧ್ಯೆ ಒಂದು ರೆಸಿಸ್ಟರ್ ಬರುತ್ತದೆ. ಅದರ ಬೆಲೆಯಲ್ಲೇ ಅರ್ಧ ಗುಟ್ಟಿದೆ, ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹನ್ನೊಂದು ಬಾರಿ ಬದಲಾಯಿಸಿದ್ದೇನೆ, ನೀವೂ ನಾಲ್ಕೈದು ಬಾರಿ ಬದಲಾಯಿಸಿ ನೋಡಿ.

ವೋಲ್ಟೇಜಿನಿಂದ ಪಲ್ಸಿಗೆ ದಾಟುವ ಜಾಗದಲ್ಲಿ ಸಣ್ಣದೊಂದು ಮುಗ್ಗರಿಕೆ ಉಳಿದಿತ್ತು. ಒಂದೇ ಬಿಂದುವಿನಲ್ಲಿ ದಾಟಿಸುವುದನ್ನು ಬಿಟ್ಟು, ಶೇಕಡಾ 35ರಿಂದ 20ರವರೆಗೆ ಎರಡನ್ನೂ ಒಟ್ಟಿಗೆ ನಿಧಾನವಾಗಿ ಜಾರಿಸಿದೆ. ಕಪ್ಪು ಪೈಪಿನ ತುದಿಗೆ ಬೆಳಕು ಅಳೆಯುವ ಫೋಟೋಡಯೋಡ್ ಕೂರಿಸಿ, ಮೂರು ರಾತ್ರಿ ಕೂತು ಅಳೆದು, ಯಾವ ಮೆಟ್ಟಿಲಿಗೆ ಎಷ್ಟು ವೋಲ್ಟೇಜು, ಎಷ್ಟು ಪಲ್ಸ್ ಎಂಬ ಕೋಷ್ಟಕ ಮಾಡಿದೆ. ಸೂತ್ರ ಹಾಕಿದರೂ ಸಾಕು ಎನ್ನುವವರಿದ್ದಾರೆ. ಸೂತ್ರ ಮೇಲಿನ ಮುಕ್ಕಾಲಿಗೆ ಸರಿ. ಕೊನೆಯ ನಲವತ್ತು ಸಾಲುಗಳನ್ನು ಕಣ್ಣಿನಿಂದಲೇ ತಿದ್ದಬೇಕು, ಅದೂ ಕತ್ತಲಲ್ಲಿ ಹತ್ತು ನಿಮಿಷ ಸುಮ್ಮನೆ ಕೂತ ಮೇಲೆ.

ನಡುವೆ ಒಂದು ಅಡ್ಡದಾರಿಯನ್ನೂ ತುಳಿದೆ. ದೀಪ ಇಳಿಯುತ್ತಾ ಕೆಂಪಾಗಲಿ, ಹಳೆಯ ಬಲ್ಬಿನಂತೆ ಇರಲಿ ಎಂದು 1800 ಕೆಲ್ವಿನ್‌ನ, ಅಂದರೆ ಕೆಂಪು ಛಾಯೆಯ, ಎಲ್‌ಇಡಿ ಪಟ್ಟಿಯೊಂದನ್ನು ಸೇರಿಸಿದೆ. ಡಬ್ಬಿಯಲ್ಲಿದ್ದ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್‌ನ (ಸ್ವಿಚ್ಚಿನಂತೆ ಬಳಸುವ ಟ್ರಾನ್ಸಿಸ್ಟರ್) ಗೇಟಿಗೆ, ಅಂದರೆ ಅದನ್ನು ತೆರೆಯುವ ಪಿನ್ನಿಗೆ, ನೇರ 5 ವೋಲ್ಟ್ ಕೊಟ್ಟೆ. ಇಷ್ಟು ವರ್ಷಗಳ ಅನುಭವದ ನಂತರವೂ! ಅದು ಪೂರ್ತಿ ತೆರೆಯಲು 10 ವೋಲ್ಟ್ ಬೇಕೆಂದು ಹುಡುಗರಿಗೆ ಪಾಠ ಹೇಳುವವನು ನಾನೇ. ಅರೆತೆರೆದು ಕಾದು, ಪಕ್ಕದ ತಂತಿಯ ಹೊದಿಕೆಯನ್ನು ಕರಗಿಸಿ, ಒಂದು ಪಟ್ಟಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. 5 ವೋಲ್ಟಿಗೇ ತೆರೆದುಕೊಳ್ಳುವ ಐಆರ್‌ಎಲ್‌ಝಡ್44ಎನ್ ಹಾಕಿದ ಮೇಲೆ ತಣ್ಣಗಿತ್ತು. ನಿರ್ದೇಶಕರು ನೋಡಿ “ದೀಪಕ್ಕೆ ಕಾಮಾಲೆಯೇ?” ಎಂದರು. ಬಿಚ್ಚಿಟ್ಟೆ.

ಮೊದಲ ಪ್ರದರ್ಶನದ ದಿನ ನಾನು ಹಿಂದಿನ ಸಾಲಿನಲ್ಲಿ ದೀಪಗಳನ್ನೇ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದವರು ಮಾತನಾಡುತ್ತಲೇ ಇದ್ದು, ಮಾತು ಅರ್ಧಕ್ಕೆ ನಿಲ್ಲಿಸಿ ಸುತ್ತ ನೋಡಿದರು. ಅಷ್ಟರಲ್ಲಿ ಪೂರ್ತಿ ಕತ್ತಲೆ. ಎಡಸಾಲಿನ ಏಳನೆಯ ದೀಪ ಮಾತ್ರ ಉಳಿದವುಗಳಿಗಿಂತ ಅರ್ಧ ಸೆಕೆಂಡು ಮೊದಲೇ ಆರುತ್ತದೆ. ಚಿಪ್ ಬದಲಾಯಿಸಿದೆ, ಕಾಯಿಲ್ ಬದಲಾಯಿಸಿದೆ, ಹೋಗಿಲ್ಲ. ಈ ವಾರ ಆ ಸರಣಿಯ ಎಲ್‌ಇಡಿಗಳನ್ನು ಒಂದೊಂದಾಗಿ ಅಳೆಯಬೇಕು.