ನಲವತ್ತು ವರ್ಷದ ಮೇಲೆ ಕ್ಲಾಸ್‌ಮೇಟ್‌ಗಳಿಗೆ ನಿಮ್ಮ ಸುದ್ದಿ ಬರೆಯುವುದು ಹೇಗೆ

ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿದ ದಿನ ಎಲ್ಲರೂ "ಎಲ್ಲಿದ್ಯೋ ಇಷ್ಟು ವರ್ಷ" ಅಂತ ಕೇಳುತ್ತಾರೆ. ನಾವು ಕೈ ಮುಗಿಯುವ ಇಮೋಜಿ ಹಾಕುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆಮೇಲೆ ದಿನಾ ಬೆಳಗ್ಗೆ ಗುಡ್ ಮಾರ್ನಿಂಗ್, ಮಧ್ಯಾಹ್ನ ಫಾರ್ವರ್ಡು, ರಾತ್ರಿ ಯಾರದೋ ಮೊಮ್ಮಗುವಿನ ಬರ್ತ್‌ಡೇ. ಒಂದೇ ಮೆಸ್ಸಿನಲ್ಲಿ ವರ್ಷಗಟ್ಟಲೆ ಕೂತು ಉಂಡವರು ಈಗ ಹೇಗಿದ್ದಾರೆ ಅನ್ನೋದು ಮಾತ್ರ ಗೊತ್ತಾಗುವುದಿಲ್ಲ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ 1975ರಿಂದ 85ರ ಒಳಗೆ ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಂದವರಿಗೆ. ಸುರತ್ಕಲ್, ಮೈಸೂರಿನ ಎನ್‌ಐಇ, ಹುಬ್ಬಳ್ಳಿಯ ಬಿವಿಬಿ, ಬೆಂಗಳೂರಿನ ಯುವಿಸಿಇ, ಕಲಬುರಗಿಯ ಪಿಡಿಎ, ಯಾವುದಾದರೂ ಸರಿ. ಬಿಎಸ್‌ಸಿ, ಬಿಕಾಂ, ಮೆಡಿಕಲ್ ಮಾಡಿದವರಿಗೂ ಇದರಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ.

ಬರೆಯದೇ ಇರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಹೇಳಿಕೊಳ್ಳುವಂಥದ್ದು ಏನೂ ಇಲ್ಲ." ಬರೆಯುವವರಲ್ಲಿ ಅರ್ಧ ಜನ ಬಯೋಡೇಟಾ ಕಳಿಸುತ್ತಾರೆ: ಯಾವ ಕಂಪನಿ, ಯಾವ ಹುದ್ದೆ, ಮಗ ಎಲ್ಲಿ, ಮಗಳು ಎಲ್ಲಿ. ಅದನ್ನು ಓದಿ ಹೇಳಿಕೊಳ್ಳಲು ಏನೂ ಇಲ್ಲ ಅಂದುಕೊಂಡವರು ಇನ್ನೂ ಹಿಂದೆ ಸರಿಯುತ್ತಾರೆ. ನನ್ನ ಅಭಿಪ್ರಾಯ ಇಷ್ಟೇ. ನಿಮ್ಮ ಗ್ರೂಪಿನಲ್ಲಿ ಒಂದು ಸಲವೂ ಬಾಯಿ ಬಿಡದ ಗೆಳೆಯ ಒಬ್ಬ ಇರುತ್ತಾನಲ್ಲ, ಅವನು ಓದಿದ ಮೇಲೆ "ನಾನೂ ಬರೀಬಹುದು" ಅನ್ನಿಸಬೇಕು. ಹಾಗೆ ಬರೆಯಿರಿ.

ಮೊದಲ ಎರಡು ಸಾಲು

ಉದ್ದ ಮೆಸೇಜನ್ನು ವಾಟ್ಸ್‌ಆ್ಯಪ್ ಮಡಚಿ ತೋರಿಸುತ್ತದೆ, ಒತ್ತಿದರೆ ಮಾತ್ರ ಉಳಿದದ್ದು ಕಾಣುತ್ತದೆ. ಹಾಗಾಗಿ ನೀವು ಯಾರು ಅನ್ನೋದು ಮೇಲೆಯೇ ಇರಲಿ. ನಮ್ಮಲ್ಲಿ ಹೆಸರಿಗಿಂತ ಇನಿಷಿಯಲ್ ಜಾಸ್ತಿ. ಒಂದೇ ಕ್ಲಾಸಿನಲ್ಲಿ ಮೂರು ಮಂಜುನಾಥ, ನಾಲ್ಕು ಸುರೇಶ ಇದ್ದರು. ಬ್ರಾಂಚು, ಸೆಕ್ಷನ್, ಹಾಸ್ಟೆಲ್ ಬ್ಲಾಕು, ಆಗ ಕರೆಯುತ್ತಿದ್ದ ಹೆಸರು, ಇಷ್ಟು ಬರೆದರೆ ಮುಖ ತಾನೇ ನೆನಪಾಗುತ್ತದೆ. ಊರಿನ ಹೆಸರಿನಿಂದಲೇ ಕರೆಸಿಕೊಂಡವರು ಎಷ್ಟು ಜನ! ಅದನ್ನೇ ಬರೆಯಿರಿ. ಕಾಲೇಜಿನ ಹೆಸರನ್ನೂ ಆಗ ಇದ್ದಂತೆಯೇ ಬರೆದರೆ ಚೆಂದ. ಸುರತ್ಕಲ್ಲಿನ ಕೆಆರ್‌ಇಸಿ 2002ರಲ್ಲಿ ಎನ್‌ಐಟಿಕೆ ಆಯಿತು, ಆದರೆ 1980ರಲ್ಲಿ ಓದಿದವರಿಗೆ ಅದು ಕೆಆರ್‌ಇಸಿಯೇ.

ಹೆಣ್ಣುಮಕ್ಕಳಾದರೆ ಮದುವೆ ಆದ ಮೇಲೆ ಇನಿಷಿಯಲ್ಲೋ ಸರ್‌ನೇಮೋ ಬದಲಾಗಿರುತ್ತದೆ. ಹಳೇ ಹೆಸರನ್ನೂ ಸೇರಿಸಿ. ಆಗ ಎಂಜಿನಿಯರಿಂಗ್ ಕ್ಲಾಸಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಅವರಲ್ಲಿ ಎಷ್ಟೋ ಜನರನ್ನು ಇನ್ನೂ ಯಾರೂ ಹುಡುಕಿಯೇ ಇಲ್ಲ, ಒಬ್ಬರು ಬರೆದರೆ ಇನ್ನಿಬ್ಬರ ನಂಬರು ಸಿಗುತ್ತದೆ.

ಇನ್ನೊಂದು ವಿಷಯ. ಹುಡುಗರು ಹುಡುಗರಲ್ಲಿ "ಏನೋ", "ಕಣೋ", ಹುಬ್ಬಳ್ಳಿ ಕಡೆ "ಏನಲೇ" ಅಂತ ಈಗಲೂ ನಡೆಯುತ್ತದೆ. ಆದರೆ ಕ್ಲಾಸಿನ ಹುಡುಗಿಯರ ಜೊತೆ ಆಗ "ನೀವು" ಅಂತಲೇ ಮಾತಾಡಿದವರು ಈಗ ಏಕಾಏಕಿ "ನೀನು" ಅಂದರೆ ಕೆಲವರಿಗೆ ಇಷ್ಟ, ಕೆಲವರಿಗೆ ಮುಜುಗರ. ಅವರು ಹೇಗೆ ಕರೆಯುತ್ತಾರೋ ನೋಡಿಕೊಂಡು ಹಾಗೇ ಕರೆಯಿರಿ. ಅಡ್ಡಹೆಸರಿಗೂ ಅದೇ ಮಾತು. ಅವನೇ ಬಳಸಿದರೆ ಸರಿ. ಅವನ ಬಣ್ಣ, ಮೈಕಟ್ಟು, ಜಾತಿ ಹಿಡಿದು ಇಟ್ಟ ಹೆಸರನ್ನು ಈಗ ಯಾರೂ ಎತ್ತಬಾರದು.

ನಡುವಿನ ವರ್ಷಗಳು

ಕೊನೆಗೆ ಎಲ್ಲಿಗೆ ಬಂದು ನಿಂತಿರಿ ಅನ್ನೋದು ಲಿಂಕ್ಡ್‌ಇನ್‌ನಲ್ಲೋ ಬೇರೆಯವರ ಬಾಯಲ್ಲೋ ಗೊತ್ತಾಗಿರುತ್ತದೆ. ಗೆಳೆಯರಿಗೆ ಗೊತ್ತಿಲ್ಲದ್ದು ಮಧ್ಯದ ಕಥೆ. ನಮ್ಮ ತಲೆಮಾರಿನ ಮಧ್ಯದ ಕಥೆ ಸಣ್ಣದಲ್ಲ. ಕ್ಯಾಂಪಸ್ ಬಿಟ್ಟಾಗ ಎಚ್‌ಎಂಟಿ, ಟೆಲಿಫೋನ್ ಮಾಡುವ ಐಟಿಐ, ಬಿಇಎಲ್, ಎನ್‌ಜಿಇಎಫ್ ಥರದ ಸರ್ಕಾರಿ ಕಾರ್ಖಾನೆ, ಇಲ್ಲವೇ ಕೆಇಬಿ (ಆಗಿನ ವಿದ್ಯುತ್ ಮಂಡಳಿ), ಪಿಡಬ್ಲ್ಯುಡಿ ಅಂದರೆ ಜೀವನ ಸೆಟ್ಲ್ ಅಂತ ಅರ್ಥ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗೆ ಹೋದವರಿಗೆ ಟೌನ್‌ಶಿಪ್ಪು, ಶಾಲೆ ಎಲ್ಲಾ ಸಿಕ್ಕಿತು. ಆಮೇಲೆ ಎನ್‌ಜಿಇಎಫ್ ಮುಚ್ಚಿತು. 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಎಚ್‌ಎಂಟಿ ವಾಚ್ ಕಂಪನಿ 2016ರಲ್ಲಿ ಬಾಗಿಲು ಹಾಕಿತು. ಇದೇ ಹೊತ್ತಿನಲ್ಲಿ ಇನ್ನು ಕೆಲವರು ವೈಟುಕೆ (2000ನೇ ಇಸವಿಗೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಜ್ಜು ಮಾಡುವ) ಕೆಲಸ ಹಿಡಿದು ಅಮೆರಿಕಕ್ಕೆ ಹೋದರು. ಒಂದೇ ಬೆಂಚಿನಲ್ಲಿ ಕೂತವರ ಬದುಕು ಹೀಗೆ ಬೇರೆ ಬೇರೆ ದಾರಿ ಹಿಡಿಯಿತು. ಅದರಲ್ಲಿ ಜಾಣತನದ ಪಾಲಿಗಿಂತ ಯಾವ ವರ್ಷ ಯಾವ ಬಾಗಿಲು ತೆರೆದಿತ್ತು ಅನ್ನೋದರ ಪಾಲು ಜಾಸ್ತಿ. ಆದ್ದರಿಂದ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡೆ, ಮೆಡಿಕಲ್ ಸ್ಟೋರ್ ಇಟ್ಟೆ, ತೋಟಕ್ಕೆ ವಾಪಸ್ ಹೋದೆ, ಟ್ಯೂಷನ್ ಹೇಳಿಕೊಟ್ಟೆ ಅಂತ ಬರೆಯಲು ಸಂಕೋಚವೇ ಬೇಡ. ನಾನು ನೋಡಿದ ಮಟ್ಟಿಗೆ ಗ್ರೂಪಿನಲ್ಲಿ ಎಲ್ಲರೂ ನಿಂತು ಓದುವುದು ಅಂಥದ್ದನ್ನೇ.

ಇಡೀ ಕಥೆ ಬೇಕಾಗಿಲ್ಲ. ಒಂದು ತಿರುವು ಸಾಕು. ಯಾವಾಗ, ಏನಾಯಿತು, ಆಗ ಮನೆಯಲ್ಲಿ ಯಾರು ಯಾರಿದ್ದರು, ಹೇಗೆ ದಾಟಿದಿರಿ.

ಈಗಿನ ಒಂದು ದಿನ

"ನಿವೃತ್ತಿಯಾಗಿದೆ, ಆರಾಮಾಗಿದ್ದೇನೆ" ಅಂದರೆ ಏನೂ ಗೊತ್ತಾಗುವುದಿಲ್ಲ. ಎಷ್ಟಕ್ಕೆ ಏಳುತ್ತೀರಿ, ಯಾರ ಜೊತೆ ವಾಕಿಂಗ್ ಹೋಗುತ್ತೀರಿ, ಮಧ್ಯಾಹ್ನ ಏನು ಮಾಡುತ್ತೀರಿ, ಅದನ್ನು ಬರೆಯಿರಿ. ತೊಂಬತ್ತರ ಅಮ್ಮನನ್ನು ನೋಡಿಕೊಳ್ಳುತ್ತಿರುವವರು, ಮಗಳ ಬಾಣಂತನಕ್ಕೆ ಅಂತ ಡಲ್ಲಾಸಿಗೆ ಹೋಗಿ ಆರು ತಿಂಗಳು ಇದ್ದವರು, ಮನೆಯಲ್ಲಿ ಒಬ್ಬರೇ ಇರುವವರು, ಇವರ ದಿನ ಹೇಗಿರುತ್ತದೆ ಅಂತ ತಿಳಿದರೆ ಯಾವಾಗ ಫೋನ್ ಮಾಡಬೇಕು ಅನ್ನೋದೂ ತಿಳಿಯುತ್ತದೆ.

ಮಕ್ಕಳ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ಅದಕ್ಕಿಂತ ಜಾಸ್ತಿ ಬೇಡ. ಗ್ರೂಪಿನಲ್ಲಿ ಮಕ್ಕಳಿಲ್ಲದವರು, ಮಗನನ್ನು ಕಳಕೊಂಡವರು, ಮಗಳ ಮದುವೆ ಮುರಿದು ನೊಂದವರು ಖಂಡಿತ ಇರುತ್ತಾರೆ. ಬೇರೆಯವರಿಗೆ "ಮಕ್ಕಳೆಲ್ಲ ಸೆಟ್ಲ್ ಆದ್ರಾ?" ಅಂತ ಕೇಳುವುದನ್ನೂ ಬಿಡಿ. ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ.

ಕಾಯಿಲೆ ಇದ್ದರೆ ಹೆಸರು ಹಿಡಿದು ಬರೆಯಿರಿ. ಬೈಪಾಸ್, ಮಂಡಿ ಆಪರೇಶನ್, ಪ್ರಾಸ್ಟೇಟು, ಸಕ್ಕರೆ ಕಾಯಿಲೆ, ಎಲ್ಲವೂ ಈ ವಯಸ್ಸಿನ ಗ್ರೂಪಿನಲ್ಲಿ ಇನ್ನೊಬ್ಬರಿಗೆ ಆಗಿಯೇ ಇರುತ್ತದೆ. ಅದನ್ನು ದಾಟಿ ಬಂದ ಗೆಳೆಯ ಹೇಳುವ ಮಾತಿಗೆ ಬೆಲೆ ಬೇರೆ. ರಿಪೋರ್ಟಿನ ಫೋಟೋ ಬೇಡ. ಹೆಂಡತಿಯ ಅಥವಾ ಗಂಡನ ಕಾಯಿಲೆಯನ್ನು ಅವರನ್ನು ಕೇಳದೆ ಬರೆಯಲೇಬೇಡಿ.

ಕೊನೆಯಲ್ಲಿ ಎರಡು ವಿಷಯ ಇರಲಿ. ಗ್ರೂಪಿನಲ್ಲಿರುವ ಯಾರಾದರೂ ಒಬ್ಬರಿಗೆ ಸೇರಿದ ನೆನಪು, ಮತ್ತೆ ಒಂದು ಪ್ರಶ್ನೆ. ಪ್ರಶ್ನೆ ಇದ್ದರೆ ಉತ್ತರ ಬರುತ್ತದೆ, ಇಲ್ಲದಿದ್ದರೆ ಬರೀ ಹೆಬ್ಬೆಟ್ಟಿನ ಇಮೋಜಿ ಬರುತ್ತದೆ. ಒಂದು ಮಾದರಿ ಇಲ್ಲಿ ಕೊಡುತ್ತೇನೆ:

"ಎಲ್ಲರಿಗೂ ನಮಸ್ಕಾರ ಕಣ್ರೋ. ಮೆಕ್ಯಾನಿಕಲ್ ಬಿ ಸೆಕ್ಷನ್, ಎರಡನೇ ಬ್ಲಾಕಿನ ಮೂಲೆ ರೂಮು, ನೀವೆಲ್ಲ ತಿಪಟೂರು ಅಂತ ಕರೀತಿದ್ದವನು ನಾನು. ಈಗ ಹಾಸನದಲ್ಲಿದ್ದೀನಿ. ಮೊದಲು ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದೆ. ವಿಆರ್‌ಎಸ್ ತಗೊಂಡಾಗ ಮಗಳು ಎಂಟನೇ ಕ್ಲಾಸು. ಆ ಮೂರು ವರ್ಷ ತುಂಬಾ ಕಷ್ಟ ಆಯ್ತು, ಯಾರ ಸಂಪರ್ಕಾನೂ ಇಟ್ಕೊಳ್ಳೋಕೆ ಆಗ್ಲಿಲ್ಲ. ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡೋಕೆ ಸೇರಿದೆ. ಆ ಕೆಲಸ ಮನಸ್ಸಿಗೆ ಹಿಡೀತು. ಈಗ ಬೆಳಗ್ಗೆ ಐದಕ್ಕೆ ಏಳ್ತೀನಿ, ಅಮ್ಮನಿಗೆ ಸ್ನಾನ, ತಿಂಡಿ ಆಗೋ ಹೊತ್ತಿಗೆ ಹತ್ತು ಗಂಟೆ. ಸಂಜೆ ಬಿಡುವು. ಹೋದ ವರ್ಷ ಎಡ ಮಂಡಿ ಆಪರೇಶನ್ ಆಯ್ತು. ಫಸ್ಟ್ ಇಯರ್‌ನಲ್ಲಿ ನನಗೆ ಜ್ವರ ಬಂದಾಗ ರಾತ್ರಿಯಿಡೀ ಕೂತು ನನ್ನ ಡ್ರಾಯಿಂಗ್ ಶೀಟ್ ಮುಗಿಸಿಕೊಟ್ಟವನು ಇದೇ ಗ್ರೂಪಿನಲ್ಲಿದ್ದಾನೆ, ಅವನಿಗೆ ನೆನಪಿದೆಯೋ ಇಲ್ವೋ, ನಾನು ಮರೆತಿಲ್ಲ. ಮಂಡಿ ಆಪರೇಶನ್ ಆದವರು ಯಾರಾದ್ರೂ ಇದ್ದೀರಾ? ಮೆಟ್ಟಿಲು ಹತ್ತೋಕೆ ಎಷ್ಟು ದಿನ ಹಿಡೀತು? ನಾಲ್ಕು ಗಂಟೆ ಮೇಲೆ ಫೋನ್ ಮಾಡಿ."

ಇಷ್ಟು ಉದ್ದ ಸಾಕು. ಟೈಪ್ ಮಾಡುವುದು ಕಷ್ಟವಾದರೆ ಜಿಬೋರ್ಡ್ ಕೀಬೋರ್ಡಿನಲ್ಲಿ ಕನ್ನಡ ಸೇರಿಸಿಕೊಂಡು ಮೈಕ್ ಒತ್ತಿ ಮಾತಾಡಿ, ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ತಪ್ಪು ಬಿದ್ದರೆ ಕಳಿಸಿದ 15 ನಿಮಿಷದ ಒಳಗೆ ತಿದ್ದಬಹುದು. ಕಣ್ಣು ಮಂಜಾದವರು ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಲಿ. ಆ ದನಿ ಕೇಳಿದರೆ ಗೆಳೆಯರಿಗೆ ಆಗುವ ಖುಷಿ ಬರಹದಲ್ಲೂ ಸಿಗುವುದಿಲ್ಲ. ಸುರತ್ಕಲ್ಲಿನಂಥ ಆರ್‌ಇಸಿಗಳಲ್ಲಿ (ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ) ಅರ್ಧ ಸೀಟು ಹೊರ ರಾಜ್ಯದವರಿಗೆ ಇತ್ತು, ಅಂಥ ಬ್ಯಾಚಿನಲ್ಲಿ ಕನ್ನಡದ ಕೆಳಗೆ ನಾಲ್ಕು ಸಾಲು ಇಂಗ್ಲಿಷ್ ಸೇರಿಸಿ.

ಬರೆಯಬಾರದ್ದು

ಪೆನ್ಶನ್ ಎಷ್ಟು, ಗ್ರಾಚುಟಿ ಎಷ್ಟು ಬಂತು, ಸೈಟು ಎಷ್ಟಕ್ಕೆ ಮಾರಿದೆ, ಮನೆ ಬೀಗ ಹಾಕಿ ಯಾವತ್ತಿನಿಂದ ಯಾವತ್ತಿನವರೆಗೆ ಮಗನ ಹತ್ತಿರ ಇರುತ್ತೇನೆ, ಇವು ಯಾವುದೂ ಬೇಡ. ಗೆಳೆಯರ ಮೇಲೆ ಅನುಮಾನ ಇದೆ ಅಂತಲ್ಲ. ಇನ್ನೂರು ಜನರ ಗ್ರೂಪಿನಲ್ಲಿ ಒಬ್ಬರ ಫೋನು ಕಳ್ಳರ ಕೈಗೆ ಸಿಕ್ಕರೆ ಸಾಕು. "ತಪ್ಪಿ ನಿನಗೆ ಆರಂಕಿ ಕೋಡ್ ಬಂದಿದೆ, ಕಳಿಸು" ಅಂತ ಗೆಳೆಯನ ನಂಬರಿನಿಂದಲೇ ಮೆಸೇಜ್ ಬರುತ್ತದೆ. ಕಳಿಸಿದರೆ ನಿಮ್ಮ ವಾಟ್ಸ್‌ಆ್ಯಪೂ ಹೋಯಿತು. ಆಮೇಲೆ ನಿಮ್ಮ ಹೆಸರಿನಲ್ಲಿ ಎಲ್ಲರಿಗೂ "ಆಸ್ಪತ್ರೆಯಲ್ಲಿದ್ದೇನೆ, ಅರ್ಜೆಂಟ್ ದುಡ್ಡು ಬೇಕು" ಅಂತ ಹೋಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಟೂ-ಸ್ಟೆಪ್ ವೆರಿಫಿಕೇಶನ್ ಇವತ್ತೇ ಹಾಕಿಕೊಳ್ಳಿ. ದುಡ್ಡು ಕೇಳಿದವರಿಗೆ ಫೋನ್ ಮಾಡಿ ದನಿ ಕೇಳದೆ ಒಂದು ರೂಪಾಯಿ ಹಾಕಬೇಡಿ. ಮೋಸ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೇರೆಯವರು ಬರೆದಾಗ

ಇದು ಬರೆಯುವುದಕ್ಕಿಂತ ಮುಖ್ಯ. ಒಬ್ಬಳು ಗೆಳತಿ, ಗಂಡ ತೀರಿಕೊಂಡು ಎರಡು ವರ್ಷ ಆಯಿತು, ಈಗ ಬರೆಯುವ ಧೈರ್ಯ ಬಂತು ಅಂತ ಬರೆದಿರುತ್ತಾಳೆ. ಅದರ ಕೆಳಗೇ ಯಾರೋ ಕ್ರಿಕೆಟ್ ಮೀಮ್ ಹಾಕುತ್ತಾರೆ. ಬೇಕು ಅಂತ ಮಾಡಿದ್ದಲ್ಲ, ಮೇಲೆ ನೋಡಿರುವುದಿಲ್ಲ. ಆದರೆ ಆಕೆ ಮತ್ತೆ ಬರೆಯುವುದಿಲ್ಲ. ಇದಕ್ಕೆ ಅಡ್ಮಿನ್ ಒಂದು ವ್ಯವಸ್ಥೆ ಮಾಡಬಹುದು. ಭಾನುವಾರಕ್ಕೆ ಒಬ್ಬರು ಅಂತ ಗೊತ್ತು ಮಾಡಿ, ಆ ದಿನ ಫಾರ್ವರ್ಡು ಯಾರೂ ಹಾಕಬಾರದು ಅಂತ ಹೇಳಿ. ಸರದಿಯನ್ನು ರ‍್ಯಾಂಕ್ ಬಂದವರಿಂದ ಶುರು ಮಾಡಬೇಡಿ, ಹಾಸ್ಟೆಲ್ ರೂಮಿನ ಲೆಕ್ಕದಲ್ಲಿ ಹೋಗಿ, ಡೇ ಸ್ಕಾಲರ್‌ಗಳನ್ನು ನಡು ನಡುವೆ ಸೇರಿಸಿ. ಬೇಡ ಅಂದವರನ್ನು ಒತ್ತಾಯ ಮಾಡಬೇಡಿ.

ಕಷ್ಟದ ಸುದ್ದಿ ಬರೆದವರಿಗೆ ಗ್ರೂಪಿನಲ್ಲಿ ಒಂದು ಸಾಲು, ಆ ವಾರದೊಳಗೆ ಒಂದು ಫೋನು. ಫೋನಿನಲ್ಲಿ ಸಲಹೆ ಬೇಡ. ಯಾವ ದೇವಸ್ಥಾನ, ಯಾವ ಕಷಾಯ, ಯಾವ ಡಾಕ್ಟರು ಅನ್ನೋದನ್ನು ಅವರು ಕೇಳಿದರೆ ಹೇಳಿ. "ಓದಿದೆ, ಮಾತಾಡ್ಬೇಕು ಅನ್ನಿಸ್ತು" ಅಂದರೆ ಮುಂದಿನದನ್ನು ಅವರೇ ಮಾತಾಡುತ್ತಾರೆ.

ಸಾವಿನ ಸುದ್ದಿ ಈ ವಯಸ್ಸಿನಲ್ಲಿ ಬರುತ್ತಲೇ ಇರುತ್ತದೆ. ಖಚಿತವಾಗದೆ ಹಾಕಬೇಡಿ. ಹಾಕುವಾಗ ಯಾವ ದಿನ, ಯಾವ ಊರು, ಮನೆಯವರಲ್ಲಿ ಯಾರ ಜೊತೆ ಮಾತಾಡಬಹುದು, ಈಗ ಹೋಗಬಹುದೋ ಅಥವಾ ವೈಕುಂಠ ಸಮಾರಾಧನೆಗೆ ಹೋದರೆ ಸಾಕೋ ಅಂತ ಮನೆಯವರನ್ನು ಕೇಳಿ ಬರೆಯಿರಿ. ನೂರು "ಓಂ ಶಾಂತಿ" ಬಂದು ಒಬ್ಬರೂ ಮನೆಗೆ ಹೋಗದಿದ್ದರೆ ಆ ಮಕ್ಕಳಿಗೆ ಅಪ್ಪನ ಗೆಳೆಯರು ಇದ್ದರು ಅಂತ ಗೊತ್ತಾಗುವುದೇ ಇಲ್ಲ. ಹತ್ತಿರದ ಊರಿನವರು ಇಬ್ಬರಾದರೂ ಹೋಗಿ. ಅವನ ಕಾಲೇಜಿನ ಫೋಟೋ ಇದ್ದರೆ ಒಂದು ಪ್ರಿಂಟು ಹಾಕಿಸಿ ಕೊಟ್ಟು ಬನ್ನಿ.

ಎಲ್ಲರೂ ಒಟ್ಟಿಗೆ ಮಾತಾಡಬೇಕು ಅಂದರೆ ಭಾನುವಾರ ರಾತ್ರಿ 8 ಗಂಟೆ ಒಳ್ಳೆಯ ಹೊತ್ತು. ಆಗ ದುಬೈನಲ್ಲಿ ಸಂಜೆ 6.30. ನ್ಯೂಯಾರ್ಕ್ ಕಡೆ ಬೇಸಿಗೆಯಲ್ಲಿ ಬೆಳಗ್ಗೆ 10.30, ಕ್ಯಾಲಿಫೋರ್ನಿಯಾದಲ್ಲಿ 7.30, ಚಳಿಗಾಲದಲ್ಲಿ ಎರಡೂ ಕಡೆ ಒಂದು ಗಂಟೆ ಮುಂಚೆ. ಸಿಡ್ನಿಯವರಿಗೆ ಮಾತ್ರ ಮಧ್ಯರಾತ್ರಿ ದಾಟಿರುತ್ತದೆ, ಅವರಿಗೋಸ್ಕರ ಒಂದೊಂದು ಸಲ ಮಧ್ಯಾಹ್ನ ಇಟ್ಟುಕೊಳ್ಳಿ. ದುಡ್ಡು ಕಟ್ಟದಿದ್ದರೆ ಝೂಮ್ 40 ನಿಮಿಷಕ್ಕೆ ನಿಲ್ಲುತ್ತದೆ, ಗೂಗಲ್ ಮೀಟ್ ಒಂದು ಗಂಟೆ ಕೊಡುತ್ತದೆ.

ಕೊನೆಯದಾಗಿ, ಇದನ್ನೆಲ್ಲ ತೆಗೆದಿಡುವ ಕೆಲಸ. ಎಷ್ಟೋ ಬ್ಯಾಚುಗಳು ಮೊದಲು ಯಾಹೂ ಗ್ರೂಪ್ಸ್‌ನಲ್ಲಿದ್ದವು. 2020ರ ಡಿಸೆಂಬರ್‌ನಲ್ಲಿ ಅದು ಪೂರ್ತಿ ಮುಚ್ಚಿತು, ಇಳಿಸಿಕೊಳ್ಳದವರ ಪತ್ರ, ಫೋಟೋ ಎಲ್ಲಾ ಹೋಯಿತು. ವಾಟ್ಸ್‌ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಚಾಟ್ ಅಂತ ಇದೆ. ಆರು ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ಅದನ್ನು ಮಾಡಲಿ. ಆಮೇಲೆ ಫಾರ್ವರ್ಡುಗಳನ್ನೆಲ್ಲ ತೆಗೆದು, ಒಬ್ಬೊಬ್ಬರು ಬರೆದ ಸುದ್ದಿಯನ್ನು ಮಾತ್ರ ಒಂದು ಫೈಲಿನಲ್ಲಿ ಜೋಡಿಸಿ. ಹಾಗೆ ಸೇರಿಸುವ ಮುಂಚೆ ಬರೆದವರನ್ನು ಒಂದು ಮಾತು ಕೇಳಿ. ಫೋಟೋಗಳನ್ನು ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿದರೆ ಗುಣಮಟ್ಟ ಕೆಡುವುದಿಲ್ಲ. ಫೈಲು ಆದ ಮೇಲೆ ದೊಡ್ಡ ಅಕ್ಷರದಲ್ಲಿ ಪ್ರಿಂಟು ತೆಗೆಸಿ, ಸ್ಮಾರ್ಟ್‌ಫೋನ್ ಇಲ್ಲದ ಗೆಳೆಯರಿಗೆ ಅಂಚೆಯಲ್ಲಿ ಕಳಿಸಿ. ಜೊತೆಗೆ ವಿಳಾಸ ಬರೆದ, ಸ್ಟ್ಯಾಂಪ್ ಅಂಟಿಸಿದ ಖಾಲಿ ಕವರ್ ಒಂದನ್ನೂ ಇಡಿ. ಅವರ ಸುದ್ದಿ ಬಂದರೆ ಯಾರಾದರೂ ಟೈಪ್ ಮಾಡಿ ಗ್ರೂಪಿಗೆ ಹಾಕಿ.