ಬ್ರಹ್ಮಗಿರಿಯ ಬಂಡೆಯನ್ನು ಮಕ್ಕಳೇ ಓದಿದರು

ಮೊಳಕಾಲ್ಮೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಅಶೋಕನ ಶಾಸನವಿರುವ ಬ್ರಹ್ಮಗಿರಿ ನಮ್ಮ ಮಗ್ಗುಲಲ್ಲೇ ಇದೆ. ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅವನ ಶಾಸನಗಳಿವೆ. ಮೂರನ್ನೂ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಇಷ್ಟನ್ನು ಬರೆಸಿ, ಪರೀಕ್ಷೆಯಲ್ಲಿ ಕೇಳಿದರೆ ಪಾಠ ಮುಗಿಯುತ್ತದೆ. ಮಕ್ಕಳ ಪಾಲಿಗೆ ಅದು ಯಾರೋ ಗೀಚಿದ ಬಂಡೆಯಾಗಿಯೇ ಉಳಿಯುತ್ತದೆ. ಅದನ್ನು ಅವರಿಂದಲೇ ಓದಿಸಬೇಕೆಂದು ಹಟ ಹಿಡಿದೆ.

ಆ ಶಾಸನಗಳ ಲಿಪಿಯಾದ ಬ್ರಾಹ್ಮಿಯನ್ನು ನಾನು ಕಲಿತದ್ದು ಅಕ್ಷರಪಟ್ಟಿ ಮುಂದಿಟ್ಟುಕೊಂಡು, ತಿದ್ದಿ ತಿದ್ದಿ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಮಕ್ಕಳಿಗೆ ಮಾತ್ರ ಆ ಪಟ್ಟಿ ಕೊಡಕೂಡದು ಎನ್ನಿಸಿದ್ದು ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಈ ಲಿಪಿಯನ್ನು ಬಿಡಿಸಿದ ಬಗೆಯನ್ನು ಓದಿದ ಮೇಲೆ. ಅವರ ಮುಂದೆ ಸಾಂಚಿ ಸ್ತೂಪದ ಪುಟ್ಟ ಪುಟ್ಟ ಬರಹಗಳ ನಕಲುಗಳಿದ್ದವು. ಬಹುಪಾಲು ಬರಹಗಳ ಕೊನೆಗೆ ಅವೇ ಎರಡು ಅಕ್ಷರಗಳು. ಭಕ್ತರು ಕೊಟ್ಟದ್ದನ್ನು ಕೆತ್ತಿಸುವ ರೂಢಿ ಉಂಟಲ್ಲ, ಇದು ‘ದಾನಂ’ ಇರಬೇಕೆಂದು ಊಹಿಸಿದರು. ಊಹೆ ನಿಜವಾಯಿತು.

ಅಂಥ ಬರಹಗಳನ್ನೇ ಚೀಟಿಗಳಲ್ಲಿ ಬರೆದು ಎಂಟನೇ ತರಗತಿಯ ಗುಂಪುಗಳಿಗೆ ಹಂಚಿದೆ. ‘ಇವು ಒಂದು ಸ್ತೂಪದ ಕಲ್ಲುಗಳ ಮೇಲಿವೆ’ ಎಂದಷ್ಟೇ ಹೇಳಿ ಕುಳಿತೆ. ಗದ್ದಲವೋ ಗದ್ದಲ. ಮಗ್ಗದ ಮನೆಯ ಹುಡುಗನೊಬ್ಬ ಚೀಟಿಗಳನ್ನು ಒಂದರ ಕೆಳಗೊಂದು ಜೋಡಿಸಿ, ‘ಸರ್, ಸೀರೆಯ ಬುಟ್ಟಾದ ಹಾಗೆ ಕೊನೆಯಲ್ಲಿ ಇದೇ ಮರಳಿ ಬರುತ್ತದೆ’ ಎಂದ. ಏನಿರಬಹುದು? ದೇವರ ಹೆಸರೆಂದರು, ರಾಜನ ಹೆಸರೆಂದರು. ಆಗ ಹುಡುಗಿಯೊಬ್ಬಳು, ‘ಗುಡಿಯ ಗಡಿಯಾರದ ಮೇಲೆ, ಫ್ಯಾನಿನ ಮೇಲೆ ಇಂಥವರ ಕಾಣಿಕೆ ಎಂದು ಬರೆದಿರುತ್ತಾರಲ್ಲ, ಹಾಗೇನಾದರೂ?’ ಎಂದಳು. ನಾನು ತುಟಿ ಬಿಚ್ಚಲಿಲ್ಲ. ಕಾಣಿಕೆಯಿಂದ ದಾನಕ್ಕೆ ಬರಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆ ಒಂದು ಪದದಿಂದ ದ, ನ, ಅನುಸ್ವಾರದ ಚುಕ್ಕೆ, ಬಲಕ್ಕೆ ಚಾಚಿದ ‘ಆ’ಕಾರದ ಗೆರೆ ಎಲ್ಲ ಕೈಸೇರಿದವು. ಕೂಡಿಸುವ ಚಿಹ್ನೆಯಂತಿರುವ ಕ, ಬರಿಯ ನಿಲುಗೆರೆಯ ರ ಮುಂತಾದವನ್ನು ಒಂದೊಂದಾಗಿ ಸೇರಿಸುತ್ತ ಹೋದೆವು. ಗೆರೆ ಎಡಕ್ಕಿದ್ದರೆ ಏ ಎಂಬುದೂ ತಿಳಿಯಿತು. ಎರಡೂ ಕಡೆ ಇದ್ದರೆ? ಬ್ರಹ್ಮಗಿರಿ ಶಾಸನದ ‘ಪೋರಾಣಾ’ ಎಂಬ ಪದವನ್ನು ಬೋರ್ಡಿನ ಮೇಲೆ ಬರೆದು ಸುಮ್ಮನಾದೆ. ‘ಪ... ರಾಣಾ’ ಎಂದು ತಡವರಿಸಿ, ಯಾರೋ ‘ಪುರಾಣ!’ ಎಂದು ಕೂಗಿದರು. ಆದರೆ ‘ಉ’ಕಾರದ ಗೆರೆ ಅಕ್ಷರದ ಬುಡದಲ್ಲಿರುತ್ತದೆ ಎಂಬುದನ್ನು ಆಗಲೇ ಕಲಿತಿದ್ದರು. ಪು ಅಲ್ಲದಿದ್ದರೆ ಪೋ ಎಂದು ತಾವೇ ತಿದ್ದಿಕೊಂಡರು.

ಹಾಗೆಂದು ಎಲ್ಲವನ್ನೂ ಮಕ್ಕಳೇ ಕಂಡುಕೊಳ್ಳಲಿ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವವನಲ್ಲ. ಲಿಪಿ ಬಿಡಿಸಬಹುದು, ಶಾಸನದ ಪ್ರಾಕೃತ ಭಾಷೆಯನ್ನು ಊಹೆಯಿಂದ ಕಲಿಯಲಾಗದು. ಅರ್ಥವನ್ನು ನಾನೇ ಹೇಳಿದೆ. ಯಾವ ಚೀಟಿಯನ್ನು ಮೊದಲು ಕೊಡಬೇಕು, ಯಾವುದನ್ನು ತಡೆದಿಡಬೇಕು ಎಂಬುದರಲ್ಲೇ ಮೇಷ್ಟ್ರ ಕೆಲಸವೆಲ್ಲ ಇದೆ.

ಬೆಟ್ಟಕ್ಕೆ ಹೋದಾಗ ಸೀಮೆಸುಣ್ಣ ಯಾರೂ ಮುಟ್ಟುವಂತಿರಲಿಲ್ಲ. ಅಕ್ಷರಗಳಿಗೆ ಸುಣ್ಣ ಬಳಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಕು, ಸವೆದ ಗೆರೆಯಲ್ಲೂ ನೆರಳು ನಿಲ್ಲುತ್ತದೆ. ಮೂರು ಚುಕ್ಕೆಯ ‘ಇ’ ಹುಡುಕಿ, ‘ಇಸಿಲ’ ಎಂದು ಓದಿದರು. ಮೌರ್ಯರ ದಕ್ಷಿಣ ಪ್ರಾಂತ್ಯದ ಕೇಂದ್ರವಾದ ಸುವರ್ಣಗಿರಿಯಿಂದ ಬಂದ ಆಜ್ಞೆ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ. ಈ ಜಾಗದ ಅಂದಿನ ಹೆಸರೇ ಅದು ಎಂದಾಗ ಮುಖ ಮುಖ ನೋಡಿಕೊಂಡರು.

ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರ ಎಂದು ತನ್ನನ್ನು ಹೇಳಿಕೊಂಡ ಪದ ಮಾತ್ರ ಯಾರಿಗೂ ದಕ್ಕಲಿಲ್ಲ. ಅದು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಎಂಬ ಬೇರೆಯೇ ಲಿಪಿ. ಒಂದೇ ಪದದಿಂದ ಲಿಪಿ ಬಿಡಿಸಲು ಯಾರಿಂದಲೂ ಆಗದು, ಹಾಗಾಗಿ ನಾನೇ ಹೇಳಿಬಿಟ್ಟೆ. ಅದು ಗಾಂಧಾರದ, ಅಂದರೆ ಇಂದಿನ ಪೇಶಾವರದ ಕಡೆಯ ಲಿಪಿ ಎಂದೂ ಸೇರಿಸಿದೆ. ‘ಹಾಗಾದರೆ ಚಪಡ ಅಷ್ಟು ದೂರದಿಂದ ಬಂದವನೇ, ಸರ್?’ ವಿದ್ವಾಂಸರ ಊಹೆಯೂ ಅದೇ. ಮರುದಿನ ಪೇಶಾವರದಿಂದ ಮೊಳಕಾಲ್ಮೂರಿಗೆ ನಕ್ಷೆಯಲ್ಲಿ ದಾರಿ ಹುಡುಕುವುದರಲ್ಲೇ ಒಂದು ಪೀರಿಯಡ್ ಕಳೆಯಿತು. ಹಿಂದೆ ಬಿದ್ದ ಪಾಠಗಳನ್ನು ಶನಿವಾರಗಳಲ್ಲಿ ಮುಗಿಸಿಕೊಂಡೆ.