ಕೆರೆಯ ಜೊಂಡು ಹಾಕಿ ವಿಸ್ಕಿ ಪೀಪಾಯಿ ಕಟ್ಟಿದೆ

ಹತ್ತಿರ ಹತ್ತಿರ 11 ತಿಂಗಳಾಯಿತು. ನಾನು ಬಿಚ್ಚಿ ಕಟ್ಟಿದ 6 ಪೀಪಾಯಿಗಳಲ್ಲಿ ಒಂದೂ ಸೋರಿಲ್ಲ. "ಜೊಂಡು ಕೊಳೆಯುತ್ತೆ, ಸುಮ್ನೆ ದುಡ್ಡು ಹಾಳು" ಅಂದಿದ್ದವರೇ ಈಗ ಶೆಡ್ಡಿಗೆ ಬಂದು ಮುಚ್ಚಳ ಸವರಿ ನೋಡಿ ಹೋಗುತ್ತಿದ್ದಾರೆ.

ನಾವೆಲ್ಲ ತರಿಸುವ ಅದೇ ಹಳೆ ಬರ್ಬನ್ (ಅಮೆರಿಕದ ವಿಸ್ಕಿ) ಪೀಪಾಯಿ, 200 ಲೀಟರಿನದು. ಸಾಗಣೆ ಸೇರಿ ಒಂದಕ್ಕೆ ಸುಮಾರು 17 ಸಾವಿರ ಬಿತ್ತು. ಫೆಬ್ರವರಿಯಲ್ಲಿ ಬಂದವನ್ನು ಏಪ್ರಿಲ್‌ವರೆಗೂ ಖಾಲಿ ಇಟ್ಟಿದ್ದೇ ನನ್ನ ದೊಡ್ಡ ತಪ್ಪು. ಮರ ಒಣಗಿ, ಹಲಗೆಗಳನ್ನು ಬಿಗಿಹಿಡಿಯುವ ಕಬ್ಬಿಣದ ಬಳೆಗಳು ಸಡಿಲವಾಗಿ ಜಾರಿದವು, ಮುಚ್ಚಳದ ಹಲಗೆಗಳ ನಡುವೆ ಉಗುರು ತೂರುವಷ್ಟು ಸಂದು. ಮರ ಉಬ್ಬಲಿ ಅಂತ ಎರಡು ದಿನ ನೀರು ತುಂಬಿಟ್ಟೆ, 4ರ ಸಂದು ಮಾತ್ರ ಮುಚ್ಚಿಕೊಂಡವು. ಉಳಿದೆರಡಕ್ಕೆ ಜೇನುಮೇಣ ಮೆತ್ತಿದೆ. ಇಲ್ಲಿ ಮುಚ್ಚಿದರೆ ಅಲ್ಲಿ ಜಿನುಗು. ಬೆಂಗಳೂರಿನ ಗಾಳಿಗೇ ಪೀಪಾಯಿಯೊಳಗಿನ ವಿಸ್ಕಿ ವರ್ಷಕ್ಕೆ ನೂರಕ್ಕೆ 10–12 ಪಾಲು ಹಾರಿಹೋಗುತ್ತೆ, ಸ್ಕಾಟ್ಲೆಂಡಿನಲ್ಲಿ 2 ಅಷ್ಟೇ. ಅದರ ಮೇಲೆ ಸೋರಿಕೆಯೂ ಸೇರಿದರೆ ಯಾರು ತಾನೇ ತಡೆದುಕೊಳ್ಳುತ್ತಾರೆ? ಪೀಪಾಯಿಗೆ ವಿಸ್ಕಿ ತುಂಬಿದ್ದವರು ನನ್ನ ಬಿಲ್ಲಿನಲ್ಲಿ 20 ಸಾವಿರದ ಹತ್ತಿರ ಹಿಡಿದುಕೊಂಡರು.

ಸ್ಕಾಟ್ಲೆಂಡಿನವರು ಮುಚ್ಚಳದ ಸಂದಿಗೆ ಒಣ ಜೊಂಡು ಇಡುತ್ತಾರಲ್ವಾ, ಹೊಸಕೋಟೆ ಕಡೆಯ ಕೆರೆಗಳಲ್ಲಿ ಆಳೆತ್ತರ ಬೆಳೆದಿರುವಾಗ ಹೊರಗಿನಿಂದ ಯಾಕೆ ತರಿಸಬೇಕು? ಮೊದಲ ಕಂತೆಯನ್ನು ಬಿಸಿಲಿಗೆ ಹಾಕಿದೆ, ಕೈಯಲ್ಲಿ ಹಿಡಿದರೆ ಪುಡಿಪುಡಿ. ಎರಡನೆಯದನ್ನು ಅಟ್ಟದ ಮೇಲೆ ನೆರಳಲ್ಲಿ ಒಣಗಿಸಿ, ಉದ್ದಕ್ಕೆ ಸೀಳಿ, ಹಲಗೆ ಹಲಗೆಯ ನಡುವೆ ಮತ್ತು ಮುಚ್ಚಳ ಕೂರುವ ಕಚ್ಚಿನಲ್ಲಿ ಒಂದೇ ಎಳೆ ಇಟ್ಟೆ. ಎರಡೆಳೆ ಇಟ್ಟರೆ ಬಳೆ ಕೂರುವುದಿಲ್ಲ. ಎಷ್ಟು ದಿನ ಒಣಗಿಸಬೇಕು, ಇಡುವ ಮುಂಚೆ ಯಾವುದರಲ್ಲಿ ಅದ್ದಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಬಿಚ್ಚಿದ ಮೇಲೆ ಒಳಗಿನ ಹಳೆ ಕರಿಯನ್ನೂ (ಸುಟ್ಟ ಮರದ ಪದರ) 3 ಮಿಲಿಮೀಟರಿನಷ್ಟು ಕೆರೆದು ಮತ್ತೆ ಸುಟ್ಟೆ. ಮೊದಲನೆಯದಕ್ಕೆ ಒಂದೂವರೆ ನಿಮಿಷ ಬೆಂಕಿ ಕೊಟ್ಟು ಎರಡು ಹಲಗೆ ಕಳೆದುಕೊಂಡೆ. ಈಗ ಉರಿ ಹತ್ತಿದ ಮೇಲೆ 40 ಸೆಕೆಂಡು, ತಕ್ಷಣ ನೀರು. ಬೇಸಿಗೆಯಲ್ಲಿ ಕೆರೆಯ ತಳ ಬಿರಿಯುತ್ತಲ್ಲ, ಕರಿ ಹಾಗೆ ಬಿರಿದಿರಬೇಕು. ಬೆಲ್ಲದ ಪಾಕ ತಳ ಹಿಡಿದಂಥ ವಾಸನೆ ಬಂತು ಅಂದರೆ ಸರಿಯಾಗಿದೆ.

ನಡುವೆ ಹಲಸಿನ ಮರದಲ್ಲೂ 10 ಲೀಟರಿನದೊಂದು ಕಟ್ಟಿದೆ. ಮೂರೇ ದಿನಕ್ಕೆ ನೀರು ಅರಿಶಿನ ಕಲಸಿದ ಹಾಗಾಯಿತು. ಅದನ್ನು ಅಲ್ಲಿಗೇ ಬಿಟ್ಟೆ.

ಪರೀಕ್ಷೆಗೆ 15–20 ಲೀಟರ್ ಕುದಿನೀರು ಹಾಕಿ, ಬಿರಡೆ ಬಿಗಿದು ಉರುಳಿಸುತ್ತೇನೆ. ಸಂದು ಇದ್ದರೆ ಹಬೆಯ ಒತ್ತಡಕ್ಕೆ ಹನಿ ಮಣಿಯಂತೆ ಮೂಡುತ್ತೆ. ಈ ಸಲ ಆರಕ್ಕೆ ಆರೂ ಒಣಗೇ ಇದ್ದವು. ಜೊಂಡಿನ ಖರ್ಚು ಪೀಪಾಯಿಗೆ 30 ರೂಪಾಯಿ ದಾಟಿಲ್ಲ. ಮುಂದಿನ ವಾರ ಇನ್ನೂ 8 ಬರುತ್ತಿವೆ, ಅವಕ್ಕೆ ಬೇಕಾದ ಕಂತೆ ಆಗಲೇ ಅಟ್ಟದ ಮೇಲಿದೆ.